ಇಮೇಲ್ ವಿಳಾಸದಲ್ಲಿ ನಿಜವಾದ ಹೆಸರು: ಎಲ್ಲಿ ಪೂರ್ತಿ, ಎಲ್ಲಿ ಅರ್ಧ, ಎಲ್ಲಿ ಬೇಡ

ಹೊಸದಾಗಿ ಮೇಲ್ ಐಡಿ ಮಾಡಿಕೊಳ್ಳುವಾಗ ಎಲ್ಲರಿಗೂ ಬರುವ ಪ್ರಶ್ನೆ ಇದು. ಪೂರ್ತಿ ಹೆಸರು ಹಾಕಲಾ, ಬೇಡವಾ? ಹಾಕದಿದ್ದರೆ ಕೆಲಸ ಕೊಡುವವರು ಹಗುರವಾಗಿ ನೋಡುತ್ತಾರೇನೋ ಎಂಬ ಅಳುಕು. ಹಾಕಿದರೆ ಯಾರ್ಯಾರ ಕೈಗೋ ಸಿಗುತ್ತದಲ್ಲ ಎಂಬ ಭಯ. ಎರಡರಲ್ಲೂ ನಿಜವಿದೆ.

ಆದರೆ ಬರೀ ಹೆಸರಿನಿಂದ ಆಗುವ ತೊಂದರೆ ಕಡಿಮೆ. ಹೆಸರಿನ ಬಾಲಕ್ಕೆ ಅಂಟಿಸುವ ಹುಟ್ಟಿದ ವರ್ಷ, ಊರು, ಫೋನ್ ನಂಬರಿನ ಕೊನೆಯ ಅಂಕಿಗಳು ಜಾಸ್ತಿ ಅಪಾಯ. ಅದಕ್ಕಿಂತ ದೊಡ್ಡ ಅಪಾಯ ಒಂದೇ ವಿಳಾಸವನ್ನು ಬ್ಯಾಂಕಿಗೂ ಬಟ್ಟೆ ಅಂಗಡಿಗೂ ಕೊಡುವುದು. ಹಾಗಾಗಿ ಹೆಸರು ಬೇಕೋ ಬೇಡವೋ ಎಂದು ಒಂದೇ ಸಲ ತೀರ್ಮಾನ ಮಾಡಬೇಡಿ. ಯಾರಿಗೆ ಯಾವ ವಿಳಾಸ ಎಂದು ಯೋಚಿಸಿ.

ಹೆಸರು ಮತ್ತು ಹುಟ್ಟಿದ ವರ್ಷ: ಇದನ್ನು ಮೊದಲು ಬಿಡಿ

ಜಿಮೇಲ್ ಶುರುವಾಗಿದ್ದು 2004ರಲ್ಲಿ. ಮಂಜುನಾಥ, ರಮೇಶ, ಸವಿತಾ, ಲಕ್ಷ್ಮಿ ಇಂಥ ಹೆಸರುಗಳೆಲ್ಲ ಯಾವತ್ತೋ ಖಾಲಿಯಾಗಿವೆ. ಹೆಸರು ಹೊಡೆದ ಕೂಡಲೇ 'ಇದು ಆಗಲೇ ಬಳಕೆಯಲ್ಲಿದೆ' ಅನ್ನುತ್ತದೆ. ಆಗ ಕೈ ತಾನಾಗಿ ಹುಟ್ಟಿದ ವರ್ಷದ ಕಡೆಗೆ ಹೋಗುತ್ತದೆ. ಸವಿತಾ 1991. ಸಿಕ್ಕೇಬಿಟ್ಟಿತು.

ಇದರಿಂದ ಏನಾಗುತ್ತದೆ ನೋಡಿ. ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಿಂದ ಇಳಿಸಿಕೊಳ್ಳುವ ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ. ಆ ಪಾಸ್‌ವರ್ಡ್ ಎಲ್ಲರಿಗೂ ಒಂದೇ ಸೂತ್ರದ್ದು. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡಕ್ಷರದಲ್ಲಿ, ಆಮೇಲೆ ಹುಟ್ಟಿದ ವರ್ಷ. ಸವಿತಾ ಅವರದ್ದು ಎಸ್, ಎ, ವಿ, ಐ, 1991.

ಈಗ ಜೆರಾಕ್ಸ್ ಅಂಗಡಿಗೆ ಬನ್ನಿ. ಪ್ರಿಂಟ್ ಬೇಕು ಎಂದರೆ ಕೌಂಟರಿನಲ್ಲಿ ಅಂಟಿಸಿದ ಚೀಟಿ ತೋರಿಸಿ 'ಈ ಮೇಲ್‌ಗೆ ಕಳಿಸಿ' ಅನ್ನುತ್ತಾರೆ. ನೀವು ಪಿಡಿಎಫ್ ಕಳಿಸುತ್ತೀರಿ. ಪ್ರಿಂಟ್ ಬರುತ್ತದೆ, ದುಡ್ಡು ಕೊಟ್ಟು ಹೊರಡುತ್ತೀರಿ. ಆ ಮೇಲ್ ಮಾತ್ರ ಅಂಗಡಿಯ ಇನ್‌ಬಾಕ್ಸಿನಲ್ಲೇ ಇರುತ್ತದೆ. ಅಲ್ಲಿ ಪಿಡಿಎಫ್ ಇದೆ, ಅದರ ಪಕ್ಕದಲ್ಲೇ ಕಳಿಸಿದವರ ವಿಳಾಸ ಇದೆ. ನೀವು ಪಾಸ್‌ವರ್ಡ್ ಹೇಳದೆ ಕೌಂಟರಿನಲ್ಲಿ ನೀವೇ ಟೈಪ್ ಮಾಡಿದ್ದರೂ ಲಾಭವಿಲ್ಲ, ವಿಳಾಸವೇ ಅದನ್ನು ಹೇಳುತ್ತಿದೆ. ಅಂಗಡಿಯವರು ಒಳ್ಳೆಯವರೇ ಇರಬಹುದು. ಆದರೆ ಆ ಕಂಪ್ಯೂಟರಿನ ಮುಂದೆ ದಿನಕ್ಕೆ ಎಷ್ಟು ಜನ ಕೂರುತ್ತಾರೆ! ಅಂದಹಾಗೆ, ಇಂಥ ಕೆಲಸಕ್ಕೆ ಮಾಸ್ಕ್ ಮಾಡಿದ ಆಧಾರ್ ಇಳಿಸಿಕೊಳ್ಳಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ. ಬಹಳಷ್ಟು ಕಡೆ ಅಷ್ಟೇ ಸಾಕು.

ಕೆಲವು ಬ್ಯಾಂಕುಗಳು ಕಳಿಸುವ ಸ್ಟೇಟ್‌ಮೆಂಟಿಗೂ ಹೆಸರಿನ ಅಕ್ಷರ ಮತ್ತು ಹುಟ್ಟಿದ ದಿನಾಂಕ ಸೇರಿಸಿದ ಪಾಸ್‌ವರ್ಡೇ ಇರುತ್ತದೆ. ಇದನ್ನೆಲ್ಲ ನಾವು ಬದಲಾಯಿಸಲು ಆಗುವುದಿಲ್ಲ. ವಿಳಾಸದಲ್ಲಿ ವರ್ಷ ಹಾಕದೇ ಇರುವುದು ನಮ್ಮ ಕೈಯಲ್ಲಿದೆ. ಅಂಕಿ ಬೇಕೇ ಬೇಕು ಎಂದಾದರೆ ನಿಮಗೆ ಸಂಬಂಧವೇ ಇಲ್ಲದ ಎರಡಂಕಿ ಹಾಕಿ. ಮದುವೆಯಾದ ವರ್ಷ, ಗಾಡಿ ನಂಬರು, ಪಿನ್‌ಕೋಡ್ ಯಾವುದೂ ಬೇಡ.

ಪೂರ್ತಿ ಹೆಸರು, ಅಥವಾ ಹೆಸರು ಮತ್ತು ಇನಿಷಿಯಲ್

ಪೂರ್ತಿ ಹೆಸರಿನ ವಿಳಾಸಕ್ಕೆ ಬೆಲೆ ಇದೆ, ಅದನ್ನು ಕಡೆಗಣಿಸಬೇಡಿ. ರೆಸ್ಯೂಮೆ ನೋಡುವವರಿಗೆ ಒಂದೇ ನೋಟಕ್ಕೆ ಯಾರೆಂದು ಗೊತ್ತಾಗುತ್ತದೆ. ಮಕ್ಕಳ ಸ್ಕೂಲಿನವರು, ವಕೀಲರು, ಆಡಿಟರು ತಮ್ಮ ಇನ್‌ಬಾಕ್ಸಿನಲ್ಲಿ ಹೆಸರು ಹೊಡೆದು ಹುಡುಕಿದರೆ ಸಿಗುತ್ತೀರಿ. 'ಕೂಲ್ ಹುಡುಗ' ಥರದ ಐಡಿಯಿಂದ ಹೋದ ಅರ್ಜಿ ಸ್ಪ್ಯಾಮಿಗೆ ಹೋಗದಿದ್ದರೂ ಓದುವವರ ಮನಸ್ಸಿನಿಂದ ಜಾರಿಬಿಡಬಹುದು.

ಆದರೆ ನಮ್ಮ ಕಡೆ ಪೂರ್ತಿ ಹೆಸರು ಅಂದರೆ ಬರೀ ಹೆಸರಲ್ಲ. ಅದರಲ್ಲಿ ಊರು ಇರುತ್ತದೆ, ಅಪ್ಪನ ಹೆಸರು ಇರುತ್ತದೆ, ಮನೆತನ ಇರುತ್ತದೆ. ಉತ್ತರ ಕರ್ನಾಟಕದ ಅಡ್ಡಹೆಸರು ಹಲವು ಸಲ ಊರನ್ನೇ ಹೇಳಿಬಿಡುತ್ತದೆ. ಕೆಲವು ಕೊನೆಯ ಹೆಸರುಗಳಿಂದ ಜಾತಿ ಯಾವುದೆಂದು ಜನ ಊಹಿಸುತ್ತಾರೆ. ಬಾಡಿಗೆ ಮನೆ ಹುಡುಕುವಾಗ, ಕೆಲಸಕ್ಕೆ ಅರ್ಜಿ ಹಾಕುವಾಗ ಅದು ಮೊದಲ ಸಾಲಿನಲ್ಲೇ ಗೊತ್ತಾಗಬೇಕಾ? ಬೇಡ ಅನ್ನುವುದು ನಿಮ್ಮ ಹಕ್ಕು. ಕೊನೆಯ ಹೆಸರು ವಿಳಾಸದಲ್ಲಿ ಇರಲೇಬೇಕು ಎಂಬ ನಿಯಮ ಎಲ್ಲೂ ಇಲ್ಲ. ಬ್ಯಾಂಕಿನವರೂ ಕೆವೈಸಿಗೆ ನೋಡುವುದು ನಿಮ್ಮ ದಾಖಲೆಗಳನ್ನು, ಮೇಲ್ ಐಡಿಯ ಸ್ಪೆಲ್ಲಿಂಗನ್ನಲ್ಲ.

ಅದಕ್ಕೇ ನನಗೆ ಇಷ್ಟವಾಗುವುದು ಹಳೆಯ ಮೈಸೂರು ಕಡೆಯ ರೂಢಿ. ಹೆಸರು, ಜೊತೆಗೆ ಇನಿಷಿಯಲ್. ಸವಿತಾ ಎಚ್ ಎನ್. ಗುರುತಿರುವವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರು ಹುಡುಕಿದರೆ ನೂರು ಸವಿತಾ ಸಿಗುತ್ತಾರೆ. ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ವಿಳಾಸದಲ್ಲಿ ಅಪ್ಪನ ಹೆಸರನ್ನಾಗಲಿ ಗಂಡನ ಹೆಸರನ್ನಾಗಲಿ ಬಿಡಿಸಿ ಬರೆಯಬೇಡಿ. ಮುಂದೆ ಜೀವನದಲ್ಲಿ ಏನೇ ಬದಲಾದರೂ ನಿಮ್ಮ ಸ್ವಂತ ಹೆಸರು ನಿಮ್ಮದೇ. ಹೊರದೇಶದಲ್ಲಿರುವ ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿದ ಮೇಲೆ ಅಪ್ಪನ ಹೆಸರು ಕೊನೆಯ ಹೆಸರಾಗಿ ಕೂತು, ಆಫೀಸಿನ ಮೇಲ್ ಐಡಿಯೂ ಹಾಗೇ ಬರುತ್ತದೆ. ಸ್ವಂತ ಐಡಿಯಲ್ಲಾದರೂ ಕರೆಯುವ ಹೆಸರು ಇರಲಿ.

ಸ್ಪೆಲ್ಲಿಂಗ್ ವಿಷಯಕ್ಕೆ ಸ್ವಲ್ಪ ಗಮನ ಕೊಡಿ. ಶ್ವೇತಾ, ಗಿರೀಶ, ಲಕ್ಷ್ಮಿ ಈ ಹೆಸರುಗಳನ್ನು ಇಂಗ್ಲಿಷಿನಲ್ಲಿ ಮೂರ್ನಾಲ್ಕು ಥರ ಬರೆಯುತ್ತಾರೆ. 'ತ'ಕ್ಕೆ ಟಿ ಮಾತ್ರವಾ, ಎಚ್ ಕೂಡ ಉಂಟಾ? ಫೋನಿನಲ್ಲಿ ಹೇಳಿದ್ದನ್ನು ಆ ಕಡೆಯವರು ತಮಗೆ ತಿಳಿದ ಹಾಗೆ ಬರೆದುಕೊಂಡರೆ ನಿಮ್ಮ ಸ್ಕ್ಯಾನಿಂಗ್ ರಿಪೋರ್ಟು ಇನ್ಯಾರದೋ ಇನ್‌ಬಾಕ್ಸಿಗೆ ಹೋಗುತ್ತದೆ. ಇದೂ ಖಾಸಗಿ ವಿಷಯ ಸೋರಿದ ಹಾಗೇ ಅಲ್ವಾ? ಎರಡು ಥರ ಬರೆಯಬಹುದಾದ ಹೆಸರಾದರೆ ಎರಡೂ ಸ್ಪೆಲ್ಲಿಂಗಿನಲ್ಲಿ ಐಡಿ ಮಾಡಿ, ಒಂದನ್ನು ಇನ್ನೊಂದಕ್ಕೆ ಫಾರ್ವರ್ಡ್ ಹಾಕಿಡಬಹುದು. ನಡುವೆ ಚುಕ್ಕೆ ಹಾಕಿದರೆ ಬೇರೆ ವಿಳಾಸ ಆಗುತ್ತದೆ ಎಂದು ಮಾತ್ರ ತಿಳಿಯಬೇಡಿ. ಜಿಮೇಲ್ ಚುಕ್ಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚುಕ್ಕೆ ಇರಲಿ ಬಿಡಲಿ, ಮೇಲ್ ಅದೇ ಪೆಟ್ಟಿಗೆಗೆ ಬರುತ್ತದೆ.

ವಿಳಾಸ ಬೇರೆ, ಮೇಲೆ ಕಾಣುವ ಹೆಸರು ಬೇರೆ

ತುಂಬಾ ಜನ ಮರೆಯುವ ಸಂಗತಿ ಇದು. ಗುಟ್ಟಾಗಿರಲಿ ಎಂದು ಬೇರೆ ಯಾವುದೋ ಹೆಸರಿನ ಐಡಿ ಮಾಡುತ್ತಾರೆ. ಅಕೌಂಟ್ ತೆರೆಯುವಾಗ ಹೆಸರಿನ ಜಾಗದಲ್ಲಿ ಪೂರ್ತಿ ಹೆಸರು ಕೊಡುತ್ತಾರೆ. ಮೇಲ್ ಕಳಿಸಿದಾಗ ಆ ಕಡೆಯವರಿಗೆ ದೊಡ್ಡದಾಗಿ ಕಾಣುವುದು ಈ ಹೆಸರೇ, ಜೊತೆಗೆ ಪ್ರೊಫೈಲ್ ಫೋಟೋ. ಹಳೆಯ ಸೋಫಾ ಮಾರಲು ಅಪರಿಚಿತರ ಜೊತೆ ಮೇಲ್ ಮಾಡಿದಿರಿ ಎನ್ನಿ, ನಿಮ್ಮ ಹೆಸರು ಮತ್ತು ಮುಖ ಎರಡೂ ಅವರ ಹತ್ತಿರ ಇವೆ.

ಜಿಮೇಲ್‌ನಲ್ಲಿ ಇದನ್ನು ಬದಲಾಯಿಸುವುದು ಸುಲಭ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಸೆಟ್ಟಿಂಗ್ಸ್‌ಗೆ ಹೋಗಿ, ಅಕೌಂಟ್ಸ್ ಎಂಬ ಟ್ಯಾಬಿನಲ್ಲಿ 'ಸೆಂಡ್ ಮೇಲ್ ಆ್ಯಸ್' ಎಂಬ ಸಾಲು ನೋಡಿ. ಅಲ್ಲಿ ತಿದ್ದಿದರೆ ಕಳಿಸುವ ಮೇಲ್‌ನಲ್ಲಿ ಮಾತ್ರ ಹೆಸರು ಬದಲಾಗುತ್ತದೆ. ಗೂಗಲ್ ಖಾತೆಯ ಹೆಸರು ಬೇರೆ, ಅದನ್ನು ಖಾತೆಯ ಸೆಟ್ಟಿಂಗಿನಲ್ಲೇ ತಿದ್ದಬೇಕು. ಅದನ್ನೂ ನೋಡಿಕೊಳ್ಳಿ. ಮ್ಯಾಪ್ಸ್‌ನಲ್ಲಿ ಹೋಟೆಲ್ ಬಗ್ಗೆ, ಕ್ಲಿನಿಕ್ ಬಗ್ಗೆ ಬರೆದ ರಿವ್ಯೂ, ನೀವು ಅಲ್ಲಿ ಬೇರೆ ಹೆಸರು ಆರಿಸದಿದ್ದರೆ, ಅದೇ ಖಾತೆಯ ಹೆಸರಿನಲ್ಲಿ ಊರಿಗೆಲ್ಲ ಕಾಣುತ್ತಿರುತ್ತದೆ.

ಅಂಗಡಿ, ಆ್ಯಪ್, ಸೈಟುಗಳಿಗೆ: ಪ್ಲಸ್ ವಿಳಾಸವೋ, ಮರೆಯ ವಿಳಾಸವೋ

2020ರಲ್ಲಿ ಬೆಂಗಳೂರಿನ ದಿನಸಿ, ತರಕಾರಿ ಆ್ಯಪ್ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ವಿವರ ಸೋರಿತು. ಹೆಸರು, ಮೇಲ್, ಫೋನ್, ಮನೆ ವಿಳಾಸ, ಹುಟ್ಟಿದ ದಿನಾಂಕ ಎಲ್ಲವೂ ಅದರಲ್ಲಿತ್ತು. ಇಂಥ ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸುವವರಿಗೆ ಮುಖ್ಯವಾದದ್ದು ಮೇಲ್ ವಿಳಾಸ. ತರಕಾರಿ ಆ್ಯಪಿನಲ್ಲಿ, ಔಷಧಿ ಆ್ಯಪಿನಲ್ಲಿ, ಮದುವೆ ಸೈಟಿನಲ್ಲಿ ಒಂದೇ ವಿಳಾಸ ಇದ್ದರೆ ಮೂರೂ ಒಬ್ಬರದ್ದೇ ಎಂದು ಗೊತ್ತಾಗುತ್ತದೆ. ಹೆಸರಿಲ್ಲದ ವಿಳಾಸವಾದರೂ ಅಷ್ಟೇ. ಜಾಹೀರಾತು ಕಂಪನಿಗಳು ಮಾಡುವುದೂ ಇದನ್ನೇ. ಅಂಗಡಿಯವರು ತಮ್ಮ ಗ್ರಾಹಕರ ಮೇಲ್ ಪಟ್ಟಿಯನ್ನು ಸಂಕೇತವಾಗಿ ಮಾರ್ಪಡಿಸಿ ಫೇಸ್‌ಬುಕ್ಕಿಗೋ ಗೂಗಲ್ಲಿಗೋ ಏರಿಸುತ್ತಾರೆ, ಅಲ್ಲಿ ಹೊಂದಿಕೆಯಾದವರಿಗೆ ಜಾಹೀರಾತು ಹೋಗುತ್ತದೆ.

ಹೆಸರಿದ್ದರೆ ಮುಜುಗರವೂ ಸೇರುತ್ತದೆ. ಆ್ಯಶ್ಲಿ ಮ್ಯಾಡಿಸನ್ ಎಂಬ, ಮದುವೆಯಾದವರ ಗುಟ್ಟಿನ ಡೇಟಿಂಗ್ ಸೈಟಿನ ಪಟ್ಟಿ 2015ರಲ್ಲಿ ಹೊರಬಿತ್ತು. ಪೂರ್ತಿ ಹೆಸರಿನ, ಆಫೀಸಿನ ಐಡಿ ಕೊಟ್ಟವರನ್ನು ಜನ ಗಂಟೆಗಳಲ್ಲಿ ಹುಡುಕಿದರು. ಆ ಸೈಟು ವಿಳಾಸ ನಿಜವಾಗಿ ಅವರದ್ದೇನಾ ಎಂದು ಪರೀಕ್ಷಿಸುತ್ತಲೂ ಇರಲಿಲ್ಲ. ಏನೂ ಮಾಡದವರ ವಿಳಾಸವನ್ನೂ ಯಾರೋ ಹಾಕಿದ್ದರೆ ಅದೂ ಪಟ್ಟಿಯಲ್ಲಿ ಬಂದಿರಬಹುದು.

ಇದಕ್ಕೆ ಎರಡು ದಾರಿ ಇವೆ. ಒಂದು ಪ್ಲಸ್ ವಿಳಾಸ. ನಿಮ್ಮ ಐಡಿಯ ಹೆಸರು ಮುಗಿದ ಮೇಲೆ, ಅಟ್ ಚಿಹ್ನೆಗೆ ಮೊದಲು, ಪ್ಲಸ್ ಚಿಹ್ನೆ ಹಾಕಿ 'ತರಕಾರಿ' ಎಂದೋ 'ಟ್ರೈನ್' ಎಂದೋ ಸೇರಿಸುವುದು. ಜಿಮೇಲ್, ಔಟ್‌ಲುಕ್, ಪ್ರೋಟಾನ್ ಈ ಮೇಲ್ ಸೇವೆಗಳೆಲ್ಲದರಲ್ಲೂ ನಡೆಯುತ್ತದೆ. ದುಡ್ಡು ಬೇಡ, ಮೊದಲೇ ಏನೂ ಮಾಡಿಡಬೇಕಿಲ್ಲ. ಯಾರು ನಿಮ್ಮ ವಿಳಾಸ ಮಾರಿದರು ಎಂದು ಗೊತ್ತಾಗುತ್ತದೆ. ಆದರೆ ನಿಜವಾದ ವಿಳಾಸ ಅದರಲ್ಲೇ ಕಾಣುತ್ತಿದೆ. ಪ್ಲಸ್‌ನಿಂದ ಆಚೆ ಇರುವುದನ್ನು ಕತ್ತರಿಸಿದರೆ ಮುಗಿಯಿತು. ಎಷ್ಟೋ ಸೈಟುಗಳು ಪ್ಲಸ್ ಚಿಹ್ನೆಯನ್ನೇ ಒಪ್ಪುವುದಿಲ್ಲ. ಇದು ಮೇಲ್ ವಿಂಗಡಿಸಲು ಒಳ್ಳೆಯದು, ಹೆಸರು ಮುಚ್ಚಲು ಸಾಲದು.

ಇನ್ನೊಂದು ಮರೆಯ ವಿಳಾಸ. ನಿಮ್ಮ ಹೆಸರಿಗೆ ಸಂಬಂಧವಿಲ್ಲದ ವಿಳಾಸವೊಂದನ್ನು ಸೇವೆಯವರು ಹುಟ್ಟಿಸಿ ಕೊಡುತ್ತಾರೆ. ಅಲ್ಲಿಗೆ ಬಂದ ಮೇಲ್ ನಿಮ್ಮ ಇನ್‌ಬಾಕ್ಸಿಗೆ ಹಾಯುತ್ತದೆ. ಕಾಟ ಜಾಸ್ತಿಯಾದರೆ ಆ ಒಂದು ವಿಳಾಸ ಬಂದ್ ಮಾಡಿದರಾಯಿತು.

ಐಫೋನ್ ಇರುವವರಿಗೆ ಇದು ಕೈಯಲ್ಲೇ ಇದೆ. 'ಸೈನ್ ಇನ್ ವಿತ್ ಆ್ಯಪಲ್' ಒತ್ತಿದಾಗ ಮೇಲ್ ಮರೆಮಾಡುವ ಆಯ್ಕೆ ಬರುತ್ತದೆ, ಅದಕ್ಕೆ ದುಡ್ಡಿಲ್ಲ. ಬೇಕಾದ ಕಡೆಗೆಲ್ಲ ವಿಳಾಸ ಮಾಡಿಕೊಳ್ಳಬೇಕಾದರೆ ಮಾತ್ರ ಆ್ಯಪಲ್‌ನ ಐಕ್ಲೌಡ್ ಪ್ಲಸ್ ಸೇವೆಯ ಚಂದಾ ಬೇಕು. ಆಂಡ್ರಾಯ್ಡ್‌ನವರಿಗೆ ಫೈರ್‌ಫಾಕ್ಸ್ ರಿಲೇ ಉಚಿತವಾಗಿ 5 ವಿಳಾಸ ಕೊಡುತ್ತದೆ, ಸಿಂಪಲ್‌ಲಾಗಿನ್ 10 ಕೊಡುತ್ತದೆ. ಸಿಂಪಲ್‌ಲಾಗಿನ್ 2022ರಿಂದ ಪ್ರೋಟಾನ್‌ನವರದ್ದು. ಗೂಗಲ್ ಥರದ ಹುಡುಕುವ ಸೈಟು ಡಕ್‌ಡಕ್‌ಗೋ ಕೊಡುವ ಡಕ್ ವಿಳಾಸಕ್ಕೆ ದುಡ್ಡಿಲ್ಲ. ಜೊತೆಗೆ ಅದು ಮೇಲ್ ಒಳಗೆ ಅಡಗಿಸಿಟ್ಟ ಟ್ರ್ಯಾಕರುಗಳನ್ನು, ಅಂದರೆ ನೀವು ಯಾವಾಗ ಮೇಲ್ ತೆರೆದಿರಿ ಎಂದು ಕಳಿಸಿದವರಿಗೆ ತಿಳಿಸುವ ಸಣ್ಣ ಚಿತ್ರಗಳನ್ನು, ತೆಗೆದು ಕಳಿಸುತ್ತದೆ. ಸುಮ್ನೆ ಶುರು ಮಾಡಿ ನೋಡೋಣ ಅನ್ನುವವರಿಗೆ ನಾನು ಹೇಳುವುದು ಡಕ್. ಉತ್ತರ ಬರೆಯುವುದೂ ಜಾಸ್ತಿ ಇದ್ದರೆ ಸಿಂಪಲ್‌ಲಾಗಿನ್. ಅದರ ಉಚಿತ ಖಾತೆಯಿಂದಲೇ ಮರೆಯ ವಿಳಾಸದಿಂದ ಉತ್ತರ ಕಳಿಸಬಹುದು.

ಮರೆಯ ವಿಳಾಸದ ಕಷ್ಟ ತಿಳಿಯುವುದು ಬಿಲ್ಲಿಂಗ್ ಕೌಂಟರಿನಲ್ಲಿ. ಹಿಂದೆ ನಾಲ್ಕು ಜನ ನಿಂತಿರುವಾಗ ಅರ್ಥವಿಲ್ಲದ ಅಕ್ಷರ, ಅಂಕಿಗಳನ್ನು ಒಂದೊಂದಾಗಿ ಹೇಳುವುದು ಆಗದ ಮಾತು. ಅಂಥ ಕಡೆ 'ಮೇಲ್ ಇಲ್ಲ, ಕಾಗದದ ಬಿಲ್ಲೇ ಕೊಡಿ' ಅನ್ನಿ. ಎಲ್ಲಕ್ಕಿಂತ ಸುಲಭದ ದಾರಿ ಅದೇ. ಬ್ಯಾಂಕು, ಆಧಾರ್, ಪಿಎಫ್, ಇನ್‌ಕಮ್ ಟ್ಯಾಕ್ಸ್ ಇವುಗಳಿಗೆ ಮರೆಯ ವಿಳಾಸ ಬೇಡ. ನಡುವೆ ಮೂರನೆಯವರು ಇರುತ್ತಾರೆ. ಅವರ ಸೇವೆ ಒಂದು ದಿನ ನಿಂತರೆ ನಿಮ್ಮ ಒಟಿಪಿಯೂ ನಿಲ್ಲುತ್ತದೆ.

ಹೆಸರು ತೋರಿಸಿ, ಬೀಗ ಬೇರೆ ಇಡಿ: ಔಟ್‌ಲುಕ್‌ನ ಅನುಕೂಲ

ಹೆಸರೂ ಬೇಕು, ರಕ್ಷಣೆಯೂ ಬೇಕು ಅನ್ನುವವರು ಮೈಕ್ರೋಸಾಫ್ಟಿನ ಔಟ್‌ಲುಕ್ ಕಡೆ ಒಮ್ಮೆ ನೋಡಿ. ಅಲ್ಲಿ ಒಂದೇ ಖಾತೆಗೆ 10 ವಿಳಾಸದವರೆಗೆ ಸೇರಿಸಬಹುದು, ಎಲ್ಲ ಮೇಲ್ ಒಂದೇ ಪೆಟ್ಟಿಗೆಗೆ ಬರುತ್ತದೆ. ಅದಕ್ಕಿಂತ ಒಳ್ಳೆಯದು ಇನ್ನೊಂದಿದೆ. ಯಾವ ವಿಳಾಸ ಹಾಕಿ ಲಾಗಿನ್ ಆಗಬಹುದು ಎಂದು ನೀವೇ ಆರಿಸಬಹುದು. ಪೂರ್ತಿ ಹೆಸರಿನ ವಿಳಾಸವನ್ನು ರೆಸ್ಯೂಮೆಗೆ ಹಾಕಿ, ಅದರಿಂದ ಲಾಗಿನ್ ಆಗುವುದನ್ನು ಬಂದ್ ಮಾಡಿ. ಲಾಗಿನ್‌ಗೆ ಯಾರಿಗೂ ಹೇಳದ ಇನ್ನೊಂದು ವಿಳಾಸ ಇಟ್ಟುಕೊಳ್ಳಿ. ಆಗ ನಿಮ್ಮ ರೆಸ್ಯೂಮೆ ಯಾರ ಕೈಗೆ ಸಿಕ್ಕರೂ ಆ ವಿಳಾಸ ಹಾಕಿ ಪಾಸ್‌ವರ್ಡ್ ಊಹಿಸುತ್ತಾ ಕೂರಲು ಆಗುವುದಿಲ್ಲ.

ಜಿಮೇಲ್‌ನಲ್ಲಿ ಇಂಥದ್ದು ಬೇಕಾದರೆ ಎರಡು ಖಾತೆ ಮಾಡಿ, ಒಂದರಿಂದ ಇನ್ನೊಂದಕ್ಕೆ ಫಾರ್ವರ್ಡ್ ಹಾಕಬೇಕು. ಕೆಲಸ ನಡೆಯುತ್ತದೆ, ಆದರೆ ಉತ್ತರ ಬರೆಯುವಾಗ ಯಾವ ವಿಳಾಸದಿಂದ ಹೋಗುತ್ತಿದೆ ಎಂದು ಪ್ರತಿಸಲ ಮೇಲೆ ನೋಡಬೇಕು.

ಸ್ವಂತ ಡೊಮೈನ್

ವಿಳಾಸದಲ್ಲಿ ಅಟ್ ಚಿಹ್ನೆಯ ಆಚೆ ಇರುವ ಭಾಗ ಡೊಮೈನ್. ಅದನ್ನೂ ದುಡ್ಡು ಕೊಟ್ಟು ನಿಮ್ಮದಾಗಿಸಿಕೊಳ್ಳಬಹುದು: ಹೆಸರು ಅಟ್ ಮನೆತನ ಡಾಟ್ ಇನ್. ನೋಡಲು ಚಂದ, ಹೇಳಲು ಸುಲಭ. ಮೇಲ್ ಸೇವೆ ಬದಲಾಯಿಸಿದರೂ ವಿಳಾಸ ಬದಲಾಗುವುದಿಲ್ಲ. ಚೆನ್ನೈ ಮೂಲದ ಜೋಹೋ, ಗೂಗಲ್, ಪ್ರೋಟಾನ್ ಎಲ್ಲವೂ ಸ್ವಂತ ಡೊಮೈನಿಗೆ ಮೇಲ್ ಕೊಡುತ್ತವೆ. ವಕೀಲರು, ವೈದ್ಯರು, ಸ್ವಂತ ಕೆಲಸ ಇಟ್ಟುಕೊಂಡವರಿಗೆ ಇದೇ ಸರಿ.

ಖಾಸಗಿತನಕ್ಕೆ ಮಾತ್ರ ಇದು ಅಷ್ಟು ಒಳ್ಳೆಯದಲ್ಲ. ಆ ಡೊಮೈನಿನಲ್ಲಿ ಎಷ್ಟು ವಿಳಾಸ ಮಾಡಿದರೂ ಅಟ್ ಚಿಹ್ನೆಯ ಆಚೆ ನಿಮ್ಮ ಮನೆಯ ಹೆಸರೇ ಇರುತ್ತದೆ. ಅಂಗಡಿಗೊಂದು, ಆ್ಯಪಿಗೊಂದು ವಿಳಾಸ ಮಾಡಿದರೂ ಎಲ್ಲ ಒಬ್ಬರದ್ದೇ ಎಂದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಇನ್ನೊಂದು ದೊಡ್ಡ ಎಚ್ಚರ ನವೀಕರಣದ್ದು. ಮೊದಲ ವರ್ಷ ಅಗ್ಗ, ಆಮೇಲೆ ಜಾಸ್ತಿ. ಕಟ್ಟಲು ಮರೆತು ಅವಧಿ ಪೂರ್ತಿ ಮೀರಿದರೆ ಆ ಡೊಮೈನನ್ನು ಬೇರೆ ಯಾರಾದರೂ ಕೊಳ್ಳಬಹುದು. ಕೊಂಡವರಿಗೆ ನಿಮ್ಮ ಹೆಸರಿಗೆ ಬರುವ ಎಲ್ಲ ಮೇಲ್ ಹೋಗುತ್ತದೆ, ಪಾಸ್‌ವರ್ಡ್ ಬದಲಾಯಿಸುವ ಲಿಂಕೂ ಸೇರಿದಂತೆ. ಹಾಗಾಗಿ ಡೊಮೈನ್ ಕೊಂಡರೆ ಹಲವು ವರ್ಷಕ್ಕೆ ಒಮ್ಮೆಲೇ ಕಟ್ಟಿ. ಆಟೋ ರಿನ್ಯೂವಲ್ ಹಾಕಿ, ಮನೆಯವರೊಬ್ಬರಿಗೂ ಹೇಳಿಡಿ.

ಆಫೀಸಿನ, ಕಾಲೇಜಿನ ಐಡಿ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಅದು ನಿಮ್ಮದಲ್ಲ. ಕೆಲಸ ಬಿಟ್ಟ ದಿನ ಹೋಗುತ್ತದೆ. ಸ್ವಂತ ಯಾವ ಖಾತೆಯನ್ನೂ ಅದಕ್ಕೆ ಜೋಡಿಸಬೇಡಿ.

ಕನ್ನಡ ಅಕ್ಷರದಲ್ಲೇ ವಿಳಾಸ ಇರಬಹುದಾ ಎಂದು ಕೇಳುವವರಿದ್ದಾರೆ. ಇರಬಹುದು. ಇಂಗ್ಲಿಷ್ ಅಲ್ಲದ ಲಿಪಿಯ ವಿಳಾಸಗಳಿಗೆ ನಿಯಮಗಳು 2012ರಲ್ಲೇ ಬಂದಿವೆ. ಅಂಥ ವಿಳಾಸಗಳ ಜೊತೆ ಜಿಮೇಲ್ 2014ರಿಂದ ಮೇಲ್ ಕಳಿಸುತ್ತದೆ, ಪಡೆಯುತ್ತದೆ. ಆದರೆ ಬಹಳಷ್ಟು ಫಾರಂಗಳು ಅದನ್ನು ತಪ್ಪು ವಿಳಾಸ ಎನ್ನುತ್ತವೆ. ನಮ್ಮ ಸರ್ಕಾರಿ ಸೈಟುಗಳಾದರೂ ಇದನ್ನು ಒಪ್ಪಬೇಕು ಎಂಬುದು ನನ್ನ ಗಟ್ಟಿ ಆಸೆ. ಅಲ್ಲಿಯವರೆಗೆ ಎರಡನೇ ವಿಳಾಸವಾಗಿ ಮಾತ್ರ ಇಟ್ಟುಕೊಳ್ಳಬಹುದು.

ಹಾಗಾದರೆ ಯಾವುದು?

ಕೆಲಸ ಹುಡುಕುವವರು ಪೂರ್ತಿ ಹೆಸರು ಅಥವಾ ಹೆಸರು ಮತ್ತು ಇನಿಷಿಯಲ್ ಇರುವ ವಿಳಾಸ ಒಂದನ್ನು ರೆಸ್ಯೂಮೆಗೆಂದೇ ಇಡಿ. ಅದು ನೂರಾರು ಕಡೆ ಹೋಗುತ್ತದೆ, ಹೋಗಲಿ. ಆದರೆ ಅದನ್ನು ಬ್ಯಾಂಕಿಗೆ ಕೊಡಬೇಡಿ. ಬ್ಯಾಂಕು, ಪಿಎಫ್, ಟ್ಯಾಕ್ಸ್, ಎಲ್‌ಐಸಿಗೆ ಇನ್ನೊಂದು ವಿಳಾಸ ಇರಲಿ. ಅದರಲ್ಲಿ ಹೆಸರು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಯಾರಿಗೂ ಹೇಳದಿರುವುದೇ ಮುಖ್ಯ. ಎರಡು ಹಂತದ ಲಾಗಿನ್, ಅಂದರೆ ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತೂ ಕೇಳುವ ವ್ಯವಸ್ಥೆ, ಹಾಕಿಡಿ. ಉಳಿದ ಅಂಗಡಿ, ಆ್ಯಪುಗಳಿಗೆ ಮರೆಯ ವಿಳಾಸ. ಮನೆಯಲ್ಲಿ ವಯಸ್ಸಾದವರಿಗೆ ಇಷ್ಟೆಲ್ಲ ಹೊರೆ ಬೇಡ, ಎರಡು ವಿಳಾಸ ಸಾಕು. ಅದರಲ್ಲಿ ಬ್ಯಾಂಕಿನದ್ದು ಮಕ್ಕಳ ಫೋನಿನಲ್ಲೂ ತೆರೆದಿರಲಿ.

ವರ್ಷ ಇರುವ ಹಳೆಯ ಐಡಿಯನ್ನೇ ಇಷ್ಟು ದಿನ ಎಲ್ಲೆಡೆ ಕೊಟ್ಟಿದ್ದರೆ ಗಾಬರಿ ಬೇಡ. ಒಂದೇ ದಿನ ಎಲ್ಲ ಬದಲಿಸಬೇಕಿಲ್ಲ. ಹೊಸದು ಮಾಡಿ, ಹಳೆಯದರಿಂದ ಅದಕ್ಕೆ ಫಾರ್ವರ್ಡ್ ಹಾಕಿ. ಮೊದಲು ಬ್ಯಾಂಕು, ಆಮೇಲೆ ಆಧಾರ್ ಮತ್ತು ಟ್ಯಾಕ್ಸ್, ಆಮೇಲೆ ಪಿಎಫ್. ಉಳಿದವರು ಮೇಲ್ ಕಳಿಸಿದ ಹಾಗೆ ಒಬ್ಬೊಬ್ಬರದೇ ಬದಲಿಸಿ. ನಿಮ್ಮ ಹಳೆಯ ವಿಳಾಸ ಎಲ್ಲೆಲ್ಲಿ ಸೋರಿದೆ ಎಂದು 'ಹ್ಯಾವ್ ಐ ಬೀನ್ ಪೋನ್ಡ್' ಸೈಟಿನಲ್ಲಿ ಉಚಿತವಾಗಿ ನೋಡಬಹುದು. ಅಲ್ಲಿ ಬಂದ ಸೈಟುಗಳ ಪಾಸ್‌ವರ್ಡ್ ಮೊದಲು ಬದಲಿಸಿ.

ಹಳೆಯ ಐಡಿಯನ್ನು ಪೂರ್ತಿ ಮರೆತುಬಿಡಬೇಡಿ. ಗೂಗಲ್ 2 ವರ್ಷ ಬಳಸದ ಖಾತೆಗಳನ್ನು ಅಳಿಸುತ್ತದೆ. ಯಾಹೂ 2013ರಲ್ಲಿ ಬಳಸದೆ ಬಿಟ್ಟ ಐಡಿಗಳನ್ನು ಬೇರೆಯವರಿಗೇ ಕೊಟ್ಟಿತ್ತು. ಎಲ್ಲ ಕಡೆ ಬದಲಾಗುವವರೆಗೆ ಆರು ತಿಂಗಳಿಗೊಮ್ಮೆಯಾದರೂ ಒಳಗೆ ಹೋಗಿ ನೋಡಿ. ಅದರ ರಿಕವರಿ ಫೋನ್ ನಂಬರು ಈಗ ನಿಮ್ಮ ಹತ್ತಿರ ಇರುವ ಸಿಮ್ಮಿನದ್ದೇ ಎಂದು ಅದೇ ಸಲ ಖಚಿತ ಮಾಡಿಕೊಳ್ಳಿ.